ಮುದ್ದೀರಿಯ ಅರೆ ಕೋಡಾದದ್ದು

ಊರಾಚೆ ಒಂಟಿಯಾಗಿ ನಿಂತಿರುವ ಕಲ್ಲನ್ನು ಈಗ ಎಲ್ಲರೂ ಮುದ್ದೀರಿಕೋಡು ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಕಡಿದಾದ ಕಲ್ಲಿಗೆ ಎರಡು ಹೆಸರುಂಟು. ಮುಂದೆ ಗೋಡೆಯಂತಿದ್ದರೂ ಬೆನ್ನಿನ ಕಡೆ ಆಡು, ಮುದುಕಿ, ಬಸುರಿ ಯಾರಾದರೂ ಹತ್ತುವಂಥ ಇಳಿಜಾರಿದ್ದರೆ ಅದು ಅರೆ. ಸುತ್ತಲೂ ಕಡಿದಾಗಿ, ಯಾರ ಕಾಲಿಗೂ ದಾರಿ ಕೊಡದಿದ್ದರೆ ಕೋಡು. ಇದು ಹುಟ್ಟಿದ್ದು ಅರೆಯಾಗಿ. ಕೋಡು ಮಾಡಿದವರು ಮನುಷ್ಯರು.

ಪಾಳೆಯಗಾರರ ಕಾಲದಲ್ಲಿ ಇದರ ನೆತ್ತಿಯ ದೊಣೆಯಲ್ಲಿ, ಎಂದರೆ ಕಲ್ಲುಕುಳಿಯಲ್ಲಿ, ನಿಂತ ಮಳೆನೀರೇ ಕೆಳಗಿನ ಹಟ್ಟಿಗೆ ಬೇಸಿಗೆಯ ಜೀವವಾಗಿತ್ತಂತೆ. ಪಾಳೆಯಗಾರನಿಗೆ ಕೋಟೆಗೆ ಕಲ್ಲು ಬೇಕಾಯಿತು. ಸುಲಭವಾಗಿ ಸಿಕ್ಕಿದ್ದು ಅರೆಯ ಬೆನ್ನು. ಒಡೆಯುತ್ತಾ ಒಡೆಯುತ್ತಾ ಹಟ್ಟಿಯವರಿಗೆ ಹತ್ತಲು ದಿಣ್ಣೆಯಂತೆ ಚಾಚಿದ ಕಲ್ಲಿನ ಒಂದು ಸಣ್ಣ ಏಣು ಮಾತ್ರ ಉಳಿಯಿತು. ಕಲ್ಲುಕುಟಿಗರಲ್ಲಿ ಒಂದು ಕಟ್ಟಳೆಯಿತ್ತು: ಸುತ್ತಿಗೆ ಎತ್ತುವ ಮುನ್ನ ‘ಮೇಲ್ಯಾರು?’ ಎಂದು ಕೂಗಬೇಕು. ಉತ್ತರ ಬಂದರೆ ಏಟು ಹಾಕಬಾರದು. ಅದನ್ನು ನಂಬಿ ಹಟ್ಟಿಯ ವಿಧವೆ ಮುದ್ದೀರಿ ದೊಣೆಯ ದಂಡೆಯಲ್ಲಿ ಹೋಗಿ ಕುಳಿತಳು.

“ಮೇಲ್ಯಾರು?” ಎಂದ ಮೇಸ್ತ್ರಿ ತಿಮ್ಮಬೋವಿ.

“ನಾನೇ ಕಣಣ್ಣ, ಮುದ್ದೀರಿ. ನಿನ್ನ ಸುತ್ತಿಗೆಗೆ ಬಾಯಾರಿದ್ರೆ ತಗೊಂಡ್ ಬಾ, ನೀರು ಕುಡಿಸಿ ಕಳಿಸ್ತೀನಿ!”

ಕುಟಿಗರು ನಕ್ಕು ಸುತ್ತಿಗೆ ಕೆಳಗಿಟ್ಟರು. ಮರುದಿನವೂ ಹೀಗೇ ಆಯಿತು. ಹಟ್ಟಿಯವರು ಬುತ್ತಿ ಹೊತ್ತು ಹತ್ತುತ್ತಿದ್ದರು, ನೀರು ಹೊತ್ತು ಇಳಿಯುತ್ತಿದ್ದರು. ಸುದ್ದಿ ತಿಳಿದ ಪಾಳೆಯಗಾರ ತಾನೇ ಬಂದ. ಅವನು ಕಟ್ಟಳೆ ಮುರಿಯಲಿಲ್ಲ. ಅಷ್ಟು ಧೈರ್ಯವೂ ಅವನಿಗಿರಲಿಲ್ಲ. “ತಮಟೆ ಬಡೀರಿ. ಕೇಳಿಸದ ಉತ್ತರಕ್ಕೆ ಯಾವ ಪಾಪ?” ಎಂದ. ಆ ಸದ್ದಿನಲ್ಲಿ ತಿಮ್ಮಬೋವಿ ಕೂಗಿದ, ಕಿವಿಗೊಟ್ಟ. ಏನೂ ಕೇಳಿಸಲಿಲ್ಲ. ಹೊಡೆದ. ಏಣು ಪೂರ್ತಿ ಜಾರಿ ಬಿತ್ತು.

ತಮಟೆ ನಿಂತ ಮೇಲೆ ಅವಳ ದನಿ ಕೇಳಿಸಿತು. “ಇದ್ದೀನಿ ಕಣಣ್ಣ, ಇದ್ದೀನಿ” ಎನ್ನುತ್ತಲೇ ಇದ್ದಳಂತೆ. ಏಣಿ ಎಟುಕಲಿಲ್ಲ, ಹಗ್ಗ ಮುಟ್ಟಲಿಲ್ಲ. ಮೇಲೆ ಅವಳಿಗೆ ನೀರಿತ್ತು, ಹಿಟ್ಟಿರಲಿಲ್ಲ. ಕೆಳಗೆ ಹಟ್ಟಿಗೆ ಹಿಟ್ಟಿತ್ತು, ನೀರಿರಲಿಲ್ಲ. ದನಿ ಸಣ್ಣಗಾಗಿ ನಿಂತಿತು. ಹಟ್ಟಿ ಗುಳೆ ಎದ್ದಿತು. ತಿಮ್ಮಬೋವಿ ಆಮೇಲೆ ಸುತ್ತಿಗೆ ಮುಟ್ಟಲಿಲ್ಲವಂತೆ; ಪಾಳೆಯಗಾರ ಮಾತ್ರ ಕೋಟೆಯಲ್ಲಿ ಹಾಯಾಗಿ ಬಾಳಿದ.

ಈಗ ಬರುವವರು ಕೋಟೆಯನ್ನು ನೋಡಿ “ಎಂಥಾ ಕಲ್ಲು!” ಎಂದು ಗೋಡೆ ತಟ್ಟುತ್ತಾರೆ. ಅವರು ಕೋಡಿನ ಬೆನ್ನಿಗೂ ಹೋಗಿ ನೋಡಲಿ. ಉಳಿ ಹೊಡೆದ ಗುಳಿಗಳ ಸಾಲು ಇನ್ನೂ ಹಾಗೇ ಇದೆ. ಮಳೆ ಜೋರಾದಾಗ ದೊಣೆ ತುಂಬಿ, ಮೊದಲು ದಾರಿಯಿದ್ದ ಕಡೆಯೇ ನೀರು ಇಳಿಯುತ್ತದೆ. ಕೆಳಗೆ ಕೊಡ ಹಿಡಿಯುವವರು ಯಾರೂ ಇಲ್ಲ.