ಪಂಡಿತರಿಗೆ ಸಿಕ್ಕ ಜೋಡಿಗೆರೆ

ಹಿತ್ತಲ ಗೋಡೆಯ ಮೇಲೆ ಹಿಂದಿನವರು ದಿನದಿನವೂ ಹತ್ತಿಳಿದು ಬಿಟ್ಟುಹೋದ ಒಣ ಲೋಳೆಗೆರೆಗಳಲ್ಲಿ ಬಸವನಹುಳು ಪಂಡಿತರು ತಮ್ಮ ಗೆರೆಯಂಥದೇ ಆಕಾರ ಹುಡುಕುತ್ತಿದ್ದರು. ಕೊನೆಗೂ ಒಂದು ಸಿಕ್ಕಿತು.

"ಮೂರು ದಿನ ಏರು, ಒಂದು ದಿನ ಇಳಿತ, ಮತ್ತೆ ಏರು. ಥೇಟ್ ನನ್ನದೇ! ನನ್ನ ನಾಳೆಯೂ ಇದರಲ್ಲೇ ಇದೆ" ಎಂದರು ಹಲ್ಲಿಗೆ.

"ಸ್ವಾಮಿ, ಆ ಗೆರೆ ಬಿರುಕಿನ ಹತ್ತಿರ ಥಟ್ಟನೆ ನಿಂತಿದೆ. ಹುಳು ಹೆಕ್ಕಿ ತಿನ್ನುವ ಕೆಂಬೂತ ಬಂದು ಕೂರುವುದು ಅಲ್ಲೇ."

"ನಿಂತಿದೆ ಎಂದರೆ ಗುರಿ ಮುಟ್ಟಿದೆ ಎಂದರ್ಥ. ನಿನಗೆ ಓದು ಸಾಲದು."

ಹಲ್ಲಿ ಮರುಕದಿಂದ ಲೊಚಗುಟ್ಟಿತು.

"ನೋಡಿದೆಯಾ, ಶಕುನವೂ ಆಯಿತು!" ಎನ್ನುತ್ತ ಪಂಡಿತರು ಏರಿದರು. ಅವರ ಶಾಸ್ತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವರ ಗೆರೆಯೂ ಬಿರುಕಿನ ಹತ್ತಿರವೇ ನಿಂತಿತು.

ಮರುದಿನ ಅವರ ಷಡ್ಡಕರು ಬಂದು ಎರಡೂ ಗೆರೆಗಳನ್ನು ಹೋಲಿಸಿ ನೋಡಿದರು. "ಈಗಂತೂ ಎರಡೆರಡು ಸಾಕ್ಷಿ!" ಎಂದು ಬಿರುಕಿನ ಕಡೆ ಹೊರಟರು.