ನಾಯಿ ತಲೆ ವಾಲಿಸಿ ಕೇಳುವುದೇಕೆ?

ಭೂಮಿ ಆಗಿನ್ನೂ ಹೊಸದು. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ ಹರಿಯುತ್ತಿತ್ತು. ಗಾಳಿಗೆ ಎಲ್ಲರ ಜೊತೆ ಕೂತು ಮಾತಾಡುವಷ್ಟು ಪುರುಸೊತ್ತಿತ್ತು. ಎಂಥ ಚಂದದ ಕಾಲ ಅದು!

ಆ ಕಾಲದಲ್ಲಿ, ಎರೆಮಣ್ಣಿನ ಬಯಲಿನಲ್ಲಿ, ಹೊಳೆಯ ದಂಡೆಯ ಮೇಲೆ ದುಂಡವ್ವ ಎಂಬ ಹೆಂಗಸು ಇದ್ದಳು. ಅವಳಿಗೆ ಗುಡಿಸಲಿತ್ತು, ಜೋಳವಿತ್ತು, ಒಂದು ಆಕಳಿತ್ತು. ಗಟ್ಟಿ ದನಿಯೂ ಇತ್ತು. ಆದರೆ ಕರೆದರೆ ಬರುವವರು ಮಾತ್ರ ಯಾರೂ ಇರಲಿಲ್ಲ. ಮೋಡವನ್ನು ಕರೆದರೆ ಅದು ಆಚೆ ಗುಡ್ಡಕ್ಕೆ ಹೋಗುತ್ತಿತ್ತು. ಬೆಕ್ಕನ್ನು ಕರೆದರೆ, ಬೆಕ್ಕು ಆಗಲೂ ಬೆಕ್ಕೇ ನೋಡು, ಕೇಳಿಸಿಯೂ ಕೇಳಿಸದ ಹಾಗೆ ಮೈ ನೆಕ್ಕುತ್ತ ಕೂತಿರುತ್ತಿತ್ತು.

ಒಂದು ದಿನ ರೊಟ್ಟಿಯ ವಾಸನೆ ಹಿಡಿದು ಕಾಡಿನ ಕಡೆಯಿಂದ ಒಂದು ಕೆಂಪು ನಾಯಿಮರಿ ಬಂತು. ಆಗೆಲ್ಲ ನಾಯಿಗಳು ಕತ್ತು ನೆಟ್ಟಗೆ ಇಟ್ಟುಕೊಂಡೇ ಕೇಳುತ್ತಿದ್ದವು. ದುಂಡವ್ವ ಅದಕ್ಕೆ ಕೆಂಪ್ಯಾ ಎಂದು ಹೆಸರಿಟ್ಟಳು. ನೆಲದ ಮೇಲೆ ಕೂತು, ಅಂಗೈಯಲ್ಲಿ ರೊಟ್ಟಿಯ ಚೂರು ಹಿಡಿದು, "ಬಾರೋ ಕೆಂಪ್ಯಾ, ಬಾ" ಎಂದಳು.

ಕೆಂಪ್ಯಾ ಬಂದ! ದುಂಡವ್ವನಿಗೆ ಹಿಗ್ಗೋ ಹಿಗ್ಗು. ಭೂಮಿ ಹುಟ್ಟಿದಾಗಿನಿಂದ ಕರೆದದ್ದಕ್ಕೆ ಓಗೊಟ್ಟು ಬಂದವನು ಇವನೊಬ್ಬನೇ.

"ಶಾಣ್ಯಾ ಅದಿ ನೋಡ, ನನ ಕೂಸ" ಎಂದು ಅವನ ತಲೆ ಸವರಿದಳು.

ಆಮೇಲೆ ಕೂರುವುದನ್ನು ಕಲಿಸಿದಳು. ರೊಟ್ಟಿಯನ್ನು ಮೂಗಿನ ಮೇಲೆ ಎತ್ತಿ ಹಿಡಿದರೆ ಕೆಂಪ್ಯಾ ಮೇಲೆ ನೋಡುತ್ತಿದ್ದ, ಹಿಂಭಾಗ ತಾನಾಗಿಯೇ ನೆಲಕ್ಕೆ ತಾಗುತ್ತಿತ್ತು. ತಾಗಿದ ಕೂಡಲೇ "ಕುಂದ್ರು" ಎಂದು ರೊಟ್ಟಿ ಕೊಡುತ್ತಿದ್ದಳು. "ನಿಂದ್ರು" ಮಾತ್ರ ಬಲು ಕಷ್ಟದ್ದಾಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದರೆ ಅವನು ಬಾಲ ಆಡಿಸುತ್ತ ಎರಡು ಹೆಜ್ಜೆ ಮುಂದೆ ಬರುತ್ತಿದ್ದ.

ಹೊಳೆ ನಕ್ಕಿತು. "ದುಂಡವ್ವಾ, ನನಗ ನಿಂದ್ರಾಕ ಬರಂಗಿಲ್ಲ. ಆ ಕೂಸಿಗೆ ಹ್ಯಾಂಗ ಕಲಸ್ತಿ?"

"ಸುಮ್ಮನ ಹರಿ ನೀನು" ಎಂದು ದುಂಡವ್ವ ಗದರಿದಳು. ಕೆಂಪ್ಯಾ ಅದನ್ನೂ ಕಲಿತ. ರೊಟ್ಟಿ ಸುಡುವ ಒಲೆ, ಬಾಗಿಲಲ್ಲಿ ಕೂತ ನಾಯಿ, ಕರೆದರೆ ಬರುವ ಜೀವ.

ಹೀಗಿರುವಾಗ ಒಂದು ದಿನ ಕೆಂಪ್ಯಾ ಬೆಣ್ಣೆಯ ಗಡಿಗೆಗೆ ಮೂತಿ ಹಾಕಿದ. ಗಡಿಗೆ ತೊಳೆಯುವ ಕೆಲಸವೇ ಉಳಿಯದಷ್ಟು ಚೆನ್ನಾಗಿ ನೆಕ್ಕಿ, ಹೊಲದ ಕಡೆ ಆಡಲು ಹೋದ. ದುಂಡವ್ವನಿಗೆ ಸಿಟ್ಟು ನೆತ್ತಿಗೇರಿತು. ಕೋಲು ಹಿಡಿದು, "ಕೆಂಪ್ಯಾ, ಬಾ!" ಎಂದಳು. ಬೆಣ್ಣೆಯನ್ನು ಎಂದೋ ಮರೆತಿದ್ದ ಅವನು ಕುಣಿಯುತ್ತ ಓಡಿ ಬಂದ. ಬಂದವನ ಬೆನ್ನಿಗೆ ಏಟು ಬಿತ್ತು.

ದುಂಡವ್ವನ ಸಿಟ್ಟು ಸಂಜೆಯೊಳಗೆ ಇಳಿಯಿತು. ಕೆಂಪ್ಯಾ ಮಾತ್ರ ಆ ಹೊತ್ತು ಬಾಗಿಲ ಬಳಿ ಬರಲಿಲ್ಲ.

ಮರುದಿನ ಅವನು ಹೊಳೆಯ ನಡುವಿನ ಮರಳದಿಬ್ಬದ ಮೇಲೆ ಹಕ್ಕಿಗಳನ್ನು ಅಟ್ಟುತ್ತಿದ್ದ. ಗಾಳಿ ಏದುಸಿರು ಬಿಡುತ್ತ ಬಂತು.

"ದುಂಡವ್ವಾ, ಮ್ಯಾಲ ಗುಡ್ಡದಾಗ ಮಳಿ ಹೊಡದೈತಿ. ಕೆಂಪ ನೀರ ಬರಾಕತ್ತೈತಿ. ನಿನ್ನ ನಾಯಿ ಕರಿ!"

ದುಂಡವ್ವ ಕೈಗೆ ಸಿಕ್ಕ ಕೋಲು ಹಿಡಿದು ದಂಡೆಗೆ ಓಡಿದಳು. "ಕೆಂಪ್ಯಾ, ಬಾ!" ಎಂದು ಕೂಗಿದಳು. ಕೆಂಪ್ಯಾ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೂ ಗಟ್ಟಿಯಾಗಿ ಕೂಗಿದಳು. ಅವನು ಇನ್ನೂ ಹಿಂದೆ ಸರಿದ. ನೀರು ದಿಬ್ಬದ ಅಂಚನ್ನು ತಿನ್ನತೊಡಗಿತ್ತು.

"ಹೊಳೆವ್ವಾ, ಚೂರ ನಿಂದ್ರ!"

"ನನಗ ಬರಂಗಿಲ್ಲಲ್ಲವ್ವಾ" ಎಂದು ಹೊಳೆ ಅತ್ತಿತು.

"ಗಾಳಿಯಪ್ಪಾ, ಅಂವಗ ನನ್ನ ದನಿ ಮುಟ್ಟಸೋ!"

"ಮುಟ್ಟಸೀನಿ. ಕೇಳಸೈತಿ ಅಂವಗ" ಎಂದಿತು ಗಾಳಿ. "ನಿನ್ನಿ ಬಾ ಅಂದಿ, ಬಂದ. ಬಂದದ್ದಕ್ಕ ಏಟ ಕೊಟ್ಟಿ. ಇವತ್ತ ಹ್ಯಾಂಗ ಬಂದಾನು?"

ದುಂಡವ್ವನಿಗೆ ಆಗ ತಿಳಿಯಿತು. ಬೆಣ್ಣೆಗೆಂದು ಕೊಟ್ಟ ಏಟು ಅವನ ಪಾಲಿಗೆ ಕರೆದಾಗ ಬಂದದ್ದಕ್ಕೆ ಬಿದ್ದ ಏಟಾಗಿತ್ತು. ಕೋಲನ್ನು ಹೊಳೆಗೆ ಎಸೆದಳು. ಮೊದಲ ದಿನದ ಹಾಗೆ ನೆಲಕ್ಕೆ ಕೂತಳು, ಕೆಸರಿನಲ್ಲೇ. ಅಂಗೈ ಚಾಚಿದಳು. ಅದರಲ್ಲಿ ರೊಟ್ಟಿಯಿರಲಿಲ್ಲ, ಏನೂ ಇರಲಿಲ್ಲ.

"ಬಾರೋ, ನನ ಕೂಸ. ಹೊಡಿಯಂಗಿಲ್ಲ, ಬಾ."

ಕೆಂಪ್ಯಾ ಕೇಳಿದ. ಮಾತೇನೋ ನಿನ್ನೆಯದೇ. ಆದರೆ ಮಾತಿನ ಅಡಿಯಲ್ಲಿ ಬೇರೆ ಏನೋ ಇದ್ದಂತಿತ್ತು. ನೆಟ್ಟಗಿನ ಕತ್ತಿಗೆ ಅದು ನಿಲುಕಲಿಲ್ಲ. ಅವನು ತಲೆಯನ್ನು ಈ ಕಡೆ ವಾಲಿಸಿದ, ಮತ್ತೆ ಆ ಕಡೆ ವಾಲಿಸಿದ. ಯಾವ ನಾಯಿಯೂ ಅದುವರೆಗೆ ಹಾಗೆ ಮಾಡಿರಲಿಲ್ಲ. ಆಗ ಕೇಳಿಸಿತು ನೋಡು, ದನಿಯ ಅಡಿಯಲ್ಲಿ ದುಂಡವ್ವ ಅಳುತ್ತಿದ್ದಳು.

ಕೆಂಪ್ಯಾ ನೀರಿಗೆ ಹಾರಿದ. ನಿಲ್ಲಲು ಬಾರದ ಹೊಳೆ ತನಗೆ ಬರುವುದನ್ನೇ ಮಾಡಿತು, ಅವನನ್ನು ದಂಡೆಯ ಕಡೆಗೆ ನೂಕಿತು. ಅವನು ಮೇಲೆ ಬಂದು, ಮೈ ಕೊಡವಿ ಅವಳಿಗೆಲ್ಲ ಕೆಸರು ಸಿಡಿಸಿ, ಆ ಬರಿಗೈಯನ್ನು ನೆಕ್ಕಿದ. ಕರೆದಾಗ ಬಂದವನ ಮೇಲೆ ದುಂಡವ್ವ ಮತ್ತೆಂದೂ ಕೈ ಎತ್ತಲಿಲ್ಲ.

ದುಂಡವ್ವ ಈಗಿಲ್ಲ, ಕೆಂಪ್ಯಾನೂ ಇಲ್ಲ. ಹೊಳೆಗೆ ದಾರಿ ಗೊತ್ತಾಗಿದೆ, ಗಾಳಿಗೆ ನಮ್ಮೊಡನೆ ಮಾತಾಡಲು ಪುರುಸೊತ್ತಿಲ್ಲ. ಆದರೆ ಕೆಂಪ್ಯಾ ತನ್ನ ಮರಿಗಳಿಗೆ ಹೇಳಿಕೊಟ್ಟ, ಆ ಮರಿಗಳು ತಮ್ಮ ಮರಿಗಳಿಗೆ ಹೇಳಿಕೊಟ್ಟವು. ಅದಕ್ಕೇ ಪುಟ್ಟಾ, ನೀನು ಕರೆದಾಗ ನಿನ್ನ ನಾಯಿ ಇವತ್ತಿಗೂ ಒಂದು ಗಳಿಗೆ ತಲೆ ವಾಲಿಸಿ ನಿನ್ನನ್ನೇ ನೋಡುತ್ತದೆ: ನಿನ್ನ ದನಿಯ ಅಡಿಯಲ್ಲಿ ಕೋಲು ಇದೆಯೋ, ದುಂಡವ್ವನ ಬರಿಗೈ ಇದೆಯೋ ಎಂದು ಕೇಳಿಸಿಕೊಳ್ಳುತ್ತದೆ.