ನಲವತ್ತು ಹೊನ್ನು ಹೇಳಿದವನು

“ಕೇಳಿರಪ್ಪೋ ಕೇಳಿ! ಅರಮನೆಯ ಮಜ್ಜನದ ಮನೆಗೆ ನೀರು ತರುವ ಕೊಳವೆ ಒಡೆದಿದೆ. ಅದನ್ನು ಸರಿಮಾಡಲು ನೂರು ಹೊನ್ನು ಕೇಳಿದ ಕೊಳವೆ ಕೆಲಸದ ದ್ಯಾವಪ್ಪ ಮೋಸಗಾರನೆಂದು ಸೆರೆಯಲ್ಲಿದ್ದಾನೆ. ಅವನ ಬೆಲೆ ನ್ಯಾಯವೋ ಅನ್ಯಾಯವೋ ತೂಗಬಲ್ಲವರು ಬಂದು ರಾಣಿ ಸಿರಿದೇವಿಯವರ ಮೂರು ಒಗಟು ಒಡೆಯಿರಿ. ಒಡೆದವರಿಗೆ ನಾಡಿನ ನೀರಿನ ಕೆಲಸಗಳ ಅಧಿಕಾರ. ತಪ್ಪಿದವರಿಗೆ ತಲೆದಂಡ. ಹುಣ್ಣಿಮೆಯೊಳಗೆ ಯಾರೂ ಒಡೆಯದಿದ್ದರೆ ದ್ಯಾವಪ್ಪನಿಗೆ ಗಲ್ಲು!”

ಸೋನೆಗಿರಿಯ ಬೀದಿಯಲ್ಲಿ ಡಂಗುರದವನು ಹೀಗೆ ಸಾರುತ್ತ ಹೋದಾಗ ಸಂಕಣ್ಣ ಮುಖ ಮುಚ್ಚಿಕೊಂಡು ಗೋಡೆಯ ಮರೆಗೆ ಸರಿದ. ನಲವತ್ತಕ್ಕೆ ಆಗುವ ಕೆಲಸಕ್ಕೆ ಮುದುಕ ನೂರು ಕೇಳಿದನಂತೆ ಎಂದು ಜನ ಉಗಿಯುತ್ತಿದ್ದರು. ಆ ನಲವತ್ತು ಸಂಕಣ್ಣನದು.

ತಂದೆತಾಯಿಯಿಲ್ಲದ ಅವನನ್ನು ಸಾಕಿ, ಕೊಳವೆ ಜೋಡಿಸುವ ಕೆಲಸ ಕಲಿಸಿದವನು ಮಾವ ದ್ಯಾವಪ್ಪನೇ. ಆದರೂ ಮಾವನ ನೆರಳಿನಿಂದ ಹೊರಬಂದು ಅರಮನೆಯ ಕೆಲಸ ಹಿಡಿಯಬೇಕೆಂಬ ಆಸೆ ಹುಟ್ಟಿತು. ತನ್ನ ಹೆಸರು ಹೇಳದೆ ಅರಮನೆಯ ಉಗ್ರಾಣದವನ ಕೈಲಿ ನಲವತ್ತು ಎಂದು ಹೇಳಿ ಕಳಿಸಿದ್ದ. ಆ ದುಡ್ಡಿಗೆ ಕೆಲಸ ಆಗದೆಂದು ಅವನಿಗೆ ಗೊತ್ತಿತ್ತು. ಸಂದುಗಳಿಗೆ ಗಾರೆಯ ಬದಲು ಬರೀ ಕೆಸರು ಮೆತ್ತಿ ಮಣ್ಣು ಮುಚ್ಚಿಬಿಡುವುದು ಅವನ ಲೆಕ್ಕವಾಗಿತ್ತು. ಮಾವನ ಕೈಗೆ ಕೋಳ ಬೀಳಬಹುದೆಂದು ಮಾತ್ರ ಎಣಿಸಿರಲಿಲ್ಲ. ಹುಣ್ಣಿಮೆಯ ದಿನ ಬೆಳಿಗ್ಗೆ ಅವನು ಅರಮನೆಗೆ ನಡೆದ.

ಸಭೆ ತುಂಬಿತ್ತು. ಕೋಳ ತೊಟ್ಟ ದ್ಯಾವಪ್ಪ ಒಂದು ಮೂಲೆಯಲ್ಲಿ ನಿಂತಿದ್ದ. ಸಂಕಣ್ಣನನ್ನು ಕಂಡು ಗಾಬರಿಯಾಗಿ, ಹೋಗು ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಸಂಕಣ್ಣನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ರಾಣಿ ಮೊದಲ ಒಗಟು ಕೇಳಿದಳು. “ನಾನು ಹಣ ಕೊಟ್ಟು ಕೊಳ್ಳುತ್ತೇನೆ, ಆದರೆ ಕಣ್ಣಿಂದ ಕಾಣೆ. ಇದ್ದಾಗ ಯಾರೂ ನೆನೆಯರು. ಕೆಟ್ಟಾಗ ಮನೆಯೆಲ್ಲ ಅಳುತ್ತದೆ. ಏನದು?”

ಸುಣ್ಣದ ವ್ಯಾಪಾರಿ ಪುಟ್ಟಶೆಟ್ಟಿ ಮುಂದೆ ಬಂದು, “ಆರೋಗ್ಯ, ಮಹಾರಾಣಿ,” ಎಂದ.

“ಆರೋಗ್ಯವನ್ನು ಯಾವ ಅಂಗಡಿಯಲ್ಲಿ ಕೊಂಡಿರಿ ಶೆಟ್ಟರೇ?” ಎಂದಳು ರಾಣಿ. ಕಾವಲಿನವರು ಅವನನ್ನು ಎಳೆದುಕೊಂಡು ಹೋದರು. ಆಸ್ಥಾನದ ಗಣಿತಜ್ಞ ನರಹರಿ ಭಟ್ಟರು ಬಹಳ ಯೋಚಿಸಿ, “ಪುಣ್ಯ” ಎಂದರು. ಅವರೂ ಶೆಟ್ಟಿಯ ಹಿಂದೆಯೇ ಹೋದರು. ಸಂಜೆ ಇಬ್ಬರ ತಲೆಯೂ ಉರುಳಬೇಕಿತ್ತು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಸಂಕಣ್ಣ ಮುಂದೆ ಬಂದ. “ತಾಯಿ, ಅದು ಮಣ್ಣಿನಡಿಯ ಸಂದು. ಎರಡು ಕೊಳವೆ ಕೂಡುವ ಕಡೆ ಹಾಕಿದ ಗಾರೆ. ಮೇಲೆ ಮಣ್ಣು ಮುಚ್ಚಿದ ಮೇಲೆ ಅದು ಯಾರಿಗೂ ಕಾಣಲ್ಲ. ಕಳ್ಳತನ ಮಾಡೋದು ಅಲ್ಲೇ.”

ರಾಣಿ ಅವನನ್ನು ದಿಟ್ಟಿಸಿ ಎರಡನೆಯದನ್ನು ಕೇಳಿದಳು. “ಒಂದೇ ಬಾಯಿಯ ಬೆಲೆಗೆ ನಾನು ಹೆದರುತ್ತೇನೆ. ಐದು ಬಾಯಿಯ ಬೆಲೆಯನ್ನು ನಂಬುತ್ತೇನೆ. ಆ ಐದು ಬಾಯಿ ಯಾವುವು?”

“ಸಾಮಾನು ಎಷ್ಟು ಅಂತ ಒಂದು. ಆಳು ಎಷ್ಟು ಅಂತ ಒಂದು. ದಿನ ಎಷ್ಟು ಅಂತ ಒಂದು. ಅಗೆದು ಮುಚ್ಚೋದಕ್ಕೆ ಎಷ್ಟು ಅಂತ ನಾಲ್ಕನೇದು. ಮತ್ತೆ ಸೋರಿದರೆ ಬಂದು ಸರಿಮಾಡೋನು ಯಾರು ಅಂತ ಐದನೇದು. ಐದನ್ನೂ ಬಿಡಿಸಿ ಹೇಳಿದ ಬೆಲೆಯನ್ನ ಯಾರು ಬೇಕಾದರೂ ತೂಗಿ ನೋಡಬಹುದು, ತಾಯಿ. ದ್ಯಾವಪ್ಪ ಮಾವ ಓಲೆಯಲ್ಲಿ ಬರೆದುಕೊಟ್ಟಿರ್ತಾರೆ. ತರಿಸಿ ಓದಿಸಿ.”

ಓಲೆ ಬಂತು. ಅದರ ದಾರವನ್ನೇ ಯಾರೂ ಬಿಚ್ಚಿರಲಿಲ್ಲ. ಮಂತ್ರಿ ಓದಿದ, ಸಂಕಣ್ಣ ಒಂದೊಂದಕ್ಕೂ ಹೂಂ ಎಂದ. ಒಂದು ಕಡೆ ತಡೆದ. “ಸುಣ್ಣದ ಗಾಡಿ ಬಾಡಿಗೆ ಎರಡು ಸಲ ಬಂದಿದೆ. ಎಂಟು ಹೊನ್ನು ಹೆಚ್ಚಾಯಿತು. ಉಳಿದ ತೊಂಬತ್ತೆರಡು ನ್ಯಾಯ.”

ಮೂಲೆಯಿಂದ ದ್ಯಾವಪ್ಪ ತಡವರಿಸಿದ. “ನನ್ನದೇ ತಪ್ಪು ತಾಯಿ. ಬರೆಯುವಾಗ ನೋಡಿಕೊಳ್ಳಲಿಲ್ಲ.”

ರಾಣಿಯ ಮುಖ ಕೆಂಪಾಗಿತ್ತು. ಓದದೆ ಸೆರೆಗೆ ಹಾಕಿಸಿದವಳು ತಾನೇ ಅಲ್ಲವೇ? ಅವಳ ಧ್ವನಿ ತಗ್ಗಿತು. “ಕೊನೆಯದು. ಇಬ್ಬರು ಒಂದೇ ಕೆಲಸಕ್ಕೆ ಬೆಲೆ ಹೇಳಿದರು. ಒಬ್ಬ ನೂರು ಎಂದ, ಇನ್ನೊಬ್ಬ ನಲವತ್ತು ಎಂದ. ಅವರಲ್ಲಿ ಕಳ್ಳ ಯಾರು? ಅವನು ಎಲ್ಲಿದ್ದಾನೆ?”

ನಲವತ್ತು ಎಂದವನು ಎಂದಷ್ಟೇ ಹೇಳಿ, ಅವನು ಊರು ಬಿಟ್ಟು ಓಡಿದ ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಂಕಣ್ಣ ಮಾವನ ಕಡೆ ನೋಡಲಾರದೆ ನೆಲ ನೋಡಿದ.

“ನಲವತ್ತು ಎಂದವನು ಕಳ್ಳ. ಅವನು ನಿಮ್ಮ ಮುಂದೆಯೇ ನಿಂತಿದ್ದಾನೆ, ತಾಯಿ. ಗಾರೆಯ ದುಡ್ಡು ಉಳಿಸಿ ಕೆಸರು ಮೆತ್ತೋದಕ್ಕೆ ಹೊರಟಿದ್ದೆ. ನನ್ನ ಸುಳ್ಳು ಬೆಲೆಯಿಂದ ಇವರ ನಿಜ ಬೆಲೆ ಮೋಸವಾಗಿ ಕಂಡಿತು. ತಲೆ ತೆಗೆಯೋದಿದ್ದರೆ ನನ್ನದು ತೆಗೆಯಿರಿ.”

ದ್ಯಾವಪ್ಪ ಮುಖ ತಿರುಗಿಸಿಕೊಂಡ.

“ಮೂರೂ ಒಡೆದೆ,” ಎಂದಳು ರಾಣಿ. “ಸರಿಯಾದ ಉತ್ತರ ಹೇಳಿದವನ ತಲೆ ತೆಗೆಯುವ ಮಾತು ಡಂಗುರದಲ್ಲಿಲ್ಲ. ಅಧಿಕಾರ ನಿನ್ನದು. ಇನ್ನೇನು ಬೇಕು?”

“ಮಾವನ ಕೋಳ ಬಿಚ್ಚಿಸಿ. ಶೆಟ್ಟರನ್ನೂ ಭಟ್ಟರನ್ನೂ ಬಿಟ್ಟುಬಿಡಿ. ಈ ಕೊಳವೆಯ ಕೆಲಸ ಮುಗಿಯೋವರೆಗೆ ನಾನು ಮಾವನ ಕೈಕೆಳಗೆ ಮಣ್ಣು ಹೊರ್ತೀನಿ. ಅಧಿಕಾರ ಆಮೇಲೆ ಕೊಡಿ.”

ರಾಣಿ ಒಪ್ಪಿದಳು. ಸಿಂಹಾಸನದಿಂದ ಇಳಿದು ಬಂದು ಮುದುಕನ ಕೋಳವನ್ನು ತಾನೇ ಬಿಚ್ಚಿದಳು.

ಇಪ್ಪತ್ತು ದಿನ ಕೆಲಸ ನಡೆಯಿತು. ಅಗೆ, ಕಲಸು, ತಾ ಎನ್ನುವುದು ಬಿಟ್ಟರೆ ದ್ಯಾವಪ್ಪ ಬೇರೆ ಮಾತಾಡಲಿಲ್ಲ. ಸಂಕಣ್ಣನೂ ಕ್ಷಮಿಸು ಎನ್ನುವ ಧೈರ್ಯ ಮಾಡಲಿಲ್ಲ. ಇಪ್ಪತ್ತೊಂದನೆಯ ದಿನ ಮಜ್ಜನದ ಮನೆಗೆ ನೀರು ಧುಮುಕಿತು. ರಾಣಿ ಅಧಿಕಾರದ ಉಂಗುರ ತೊಡಿಸಿದಳು, ಜನ ಜೈ ಎಂದರು. ಸಂಕಣ್ಣ ಮಾತ್ರ ತಗ್ಗಿಸಿದ ತಲೆ ಎತ್ತಲಿಲ್ಲ.

ದ್ಯಾವಪ್ಪ ಗಾರೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಹತ್ತಿರ ಬಂದ.

“ತಲೆ ಎತ್ತು ಮಗಾ. ನಾಳೆ ಅಗಸರ ಕೇರಿಯ ಕೊಳವೆಗೆ ಬೆಲೆ ಹೇಳಬೇಕು. ಸರಿಯಾಗಿ ಹೇಳು.”